ಕತ್ತಲಾಗುವವರೆಗೆ ಏಕೆ ಕಾಯಬೇಕು?



ಹೊಡೆತ ಬಡಿತವನ್ನಷ್ಟೇ ನಾವು ಹಿಂಸೆ ಎನ್ನುತ್ತೇವೆ. ಕತ್ತಲಾಗಲೆಂದು ಹೊಟ್ಟೆ ಬಿಗಿಹಿಡಿದು ಕೂರುವುದು, ಬಯಲಿಗೆ ಹೋಗಬೇಕಾದೀತೆಂದು ನೀರೇ ಕುಡಿಯದಿರುವುದು ಹಿಂಸೆಯಲ್ಲವೇ?

2014ರಲ್ಲಿ ಸ್ವಚ್ಛ ಭಾರತ ಯೋಜನೆ ಶುರುವಾಯಿತು. 2019ರ ಅಕ್ಟೋಬರ್ 2ರಂದು ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತವೆಂದು ಸಾರಿದರು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೂರರಲ್ಲಿ 19 ಮನೆಗಳವರು ಬಯಲಿಗೇ ಹೋಗುತ್ತಿದ್ದಾರೆಂದು ಹೇಳಿತು.

ಕಟ್ಟಿದ ಶೌಚಾಲಯಗಳಲ್ಲೂ ಎಷ್ಟೋ ಕಡೆ ಸೌದೆ ತುಂಬಿದೆ. ನಲ್ಲಿ ಇಲ್ಲದಿದ್ದರೆ ಮನೆಮಂದಿಗೆಲ್ಲ ನೀರು ಹೊರುವವಳು ಯಾರು? ನಾವೇ. ಯೋಜನೆಯ 12,000 ರೂಪಾಯಿ ಸಹಾಯಧನದಲ್ಲಿ ನೀರು ಶೇಖರಣೆಯ ಖರ್ಚೂ ಸೇರಿದೆ. ಅದನ್ನು ಕೇಳಿ ಪಡೆಯೋಣ.

ಉಳಿದ ಹಣವನ್ನು ಸೊಸೆಯ ತವರಿನಿಂದ ತರಿಸುವ ಮನೆಗಳೂ ಇವೆ. ಸೊಸೆಯ ಮಾನದ ಹೆಸರಿನಲ್ಲಿ ಕೇಳಿದರೂ ಅದು ವರದಕ್ಷಿಣೆಯೇ. ಮನೆ ಕಟ್ಟಲು ತವರಿನಿಂದ ಹಣ ಕೇಳುವುದೂ ವರದಕ್ಷಿಣೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಮುಂದಿನ ಗ್ರಾಮಸಭೆಗೆ ಸಂಘದವರೆಲ್ಲ ಒಟ್ಟಾಗಿ ಹೋಗೋಣ. ಎಷ್ಟು ಶೌಚಾಲಯ ಕಟ್ಟಿದಿರಿ ಎಂದಷ್ಟೇ ಕೇಳುವುದು ಬೇಡ. ಎಷ್ಟರಲ್ಲಿ ನೀರಿದೆ, ಎಷ್ಟಕ್ಕೆ ಬಾಗಿಲು ಚಿಲಕ ಇದೆ ಎಂದು ಕೇಳೋಣ. ಉತ್ತರ ನಡಾವಳಿ ಪುಸ್ತಕಕ್ಕೆ ಸೇರುವವರೆಗೆ ಎದ್ದು ಬರುವುದು ಬೇಡ.