ಆಪರೇಷನ್ ಇಲ್ಲದ ಮೊಣಕಾಲು ಚಿಕಿತ್ಸೆ: ರೊಕ್ಕ ಕಟ್ಟೋ ಮುಂಚೆ ತಿಳಿಯಬೇಕಾದ್ದು

ಹುಬ್ಬಳ್ಳಿ: ಅವಳಿ ನಗರದಾಗ ಮೊಣಕಾಲ ಬ್ಯಾನಿಗೆ ಮೊದಲು ಎರಡೇ ದಾರಿ ಇದ್ದವು. ಒಂದು ಮೆಡಿಕಲ್ ಶಾಪ್‌ನ ಗುಳಿಗೆ, ಇನ್ನೊಂದು ಮೊಣಕಾಲು ಬದಲಿಸೋ ದೊಡ್ಡ ಆಪರೇಷನ್. ಈಗ ಈ ಎರಡರ ನಡುವೆ ಒಂದು ಸಂತಿನೇ ನೆರೆದೈತಿ. ಗ್ರೀಸ್ ಇಂಜೆಕ್ಷನ್, ಪಿಆರ್‌ಪಿ, ನರಕ್ಕೆ ಶಾಖ ಕೊಡೋದು, ರಕ್ತನಾಳ ಮುಚ್ಚೋದು, ದುರ್ಬೀನು ಆಪರೇಷನ್, ಸ್ಟೆಮ್ ಸೆಲ್. ಎಲ್ಲಕ್ಕೂ ಮಾತು ಮಾತ್ರ ಒಂದೇ: ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ಅದೇ ದಿನ ಮನಿಗೆ ಹೋಗಬಹುದು.

ಈ ಮಾತು ಸುಳ್ಳಲ್ಲ. ಆದರೆ ರಂಧ್ರ ಸಣ್ಣದು ಅಂದ ಮಾತ್ರಕ್ಕೆ ಖರ್ಚೂ ಸಣ್ಣದು, ಗುಣ ಗ್ಯಾರಂಟಿ ಅಂತ ತಿಳಿಯುವುದು ತಪ್ಪು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಆಧಾರ ಇದೆ, ಕೆಲವಕ್ಕೆ ಅರ್ಧ ಆಧಾರ ಇದೆ. ಇನ್ನು ಕೆಲವು ಸವೆದ ಮೊಣಕಾಲಿಗೆ ಉಪಯೋಗವಿಲ್ಲ ಎಂದು ಪರೀಕ್ಷೆಯಲ್ಲೇ ಗೊತ್ತಾಗಿದೆ. ಯಾವುದು ಯಾವ ಸಾಲಿಗೆ ಸೇರುತ್ತದೆ ಎಂದು ತಿಳಿಯದೆ ರೊಕ್ಕ ಕಟ್ಟಿದರೆ, ಮುಂದೆ ನಿಜವಾಗಿ ಆಪರೇಷನ್ ಬೇಕಾದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸವೆತ ಅಂದರೇನು?

ದುರ್ಗದಬೈಲ್, ಜನತಾ ಬಜಾರ್‌ನ ಅಂಗಡಿಯವರಾಗಲಿ, ಧಾರವಾಡದ ಲೈನ್ ಬಜಾರ್‌ನವರಾಗಲಿ, ಕಲಘಟಗಿ, ಕುಂದಗೋಳ, ನವಲಗುಂದದಿಂದ ದವಾಖಾನೆಗೆ ಬರುವ ರೈತರಾಗಲಿ, ಕಾಲಿನ ಮೇಲೆ ಬೀಳುವ ಭಾರ ಹೆಚ್ಚು ಕಡಿಮೆ ಒಂದೇ. ದಿನವಿಡೀ ನಿಲ್ಲಬೇಕು, ಇಲ್ಲ ಗಾದಿ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕೂಡಬೇಕು. ಚೀಲ ಎತ್ತಬೇಕು, ಅಟ್ಟ ಹತ್ತಬೇಕು. ಐವತ್ತು ದಾಟುವ ಹೊತ್ತಿಗೆ ‘ಕೂತರ ಏಳಾಕ ಆಗವಲ್ದು’ ಎಂಬ ಮಾತು ಶುರುವಾಗುತ್ತದೆ.

ಎಲುಬಿನ ತುದಿಗೆ ಇರುವ ಮೃದು ಎಲುಬು ತೆಳ್ಳಗಾಗುತ್ತದೆ, ಕೀಲಿನ ಒಳಪದರು ಬಾಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ಇದೆಲ್ಲ ಸೇರಿ ಬರುವುದೇ ಸಂಧಿವಾತದ ಸವೆತ. ಎಕ್ಸ್‌ರೇಯಲ್ಲಿ ಇದನ್ನು 0ಯಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ. ಆದರೆ ಎಕ್ಸ್‌ರೇಗೂ ನೋವಿಗೂ ನೇರ ಲೆಕ್ಕವಿಲ್ಲ. ಮೂರನೇ ಗ್ರೇಡ್‌ನವರು ಆರಾಮಾಗಿ ಓಡಾಡುತ್ತಾರೆ, ಒಂದನೇ ಗ್ರೇಡ್‌ನವರು ನರಳುತ್ತಾರೆ. ಹಾಗಾಗಿ ‘ಗ್ಯಾಪ್ ಹೋಗೇತಿ, ತಕ್ಷಣ ಮಾಡಿಸಬೇಕು’ ಎಂದು ಫಿಲ್ಮ್ ತೋರಿಸಿ ಅವಸರ ಮಾಡಿದರೆ ಒಪ್ಪಿಕೊಳ್ಳಬೇಕಿಲ್ಲ.

ಒಂದೊಂದಾಗಿ ನೋಡಿದರೆ

ದುರ್ಬೀನು ಆಪರೇಷನ್, ಅಂದರೆ ಆರ್ತ್ರೋಸ್ಕೋಪಿ: ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಕೀಲು ತೊಳೆಯುವುದು, ಹರಿದ ತುಣುಕು ಕತ್ತರಿಸುವುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿದ್ದರು, ಒಳಗೆ ಏನೂ ಮಾಡಿರಲಿಲ್ಲ. ಎರಡು ವರ್ಷದ ನಂತರ ನೋಡಿದರೆ ಎರಡೂ ಗುಂಪಿಗೆ ಒಂದೇ ಫಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ಸಮಿತಿ, ವಯಸ್ಸಿನ ಸವೆತಕ್ಕೆ ಇದನ್ನು ಮಾಡಬಾರದು ಎಂದೇ ಶಿಫಾರಸು ಮಾಡಿತು. ಆಟದಲ್ಲೋ ಬೈಕ್ ಅಪಘಾತದಲ್ಲೋ ಲಿಗಮೆಂಟ್ ಹರಿದವರ ಮಾತು ಬೇರೆ. ಅವರಿಗೆ ಇದು ಬೇಕಾಗಬಹುದು.

ಸ್ಟೆರಾಯ್ಡ್ ಇಂಜೆಕ್ಷನ್: ಬಾವು ಬಂದು ನೋವು ಜೋರಾದಾಗ ಕೆಲವು ವಾರ ಆರಾಮ ಕೊಡುತ್ತದೆ. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುತ್ತ ಹೋದರೆ ಏನಾಗುತ್ತದೆ ಎಂದು 140 ಜನರನ್ನು ಎರಡು ವರ್ಷ ನೋಡಿದ ಅಧ್ಯಯನ 2017ರಲ್ಲಿ ಬಂತು. ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ನೋವೇನೂ ಕಮ್ಮಿ ಆಗಲಿಲ್ಲ, ಮೃದು ಎಲುಬು ಮಾತ್ರ ಹೆಚ್ಚು ತೆಳ್ಳಗಾಯಿತು. ಶುಗರ್ ಇದ್ದವರಿಗೆ ಚುಚ್ಚಿದ ಮೇಲೆ ಕೆಲವು ದಿನ ಸಕ್ಕರೆ ಪ್ರಮಾಣ ಏರುತ್ತದೆ. ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಗ್ರೀಸ್ ಇಂಜೆಕ್ಷನ್: ಹೈಯಲುರಾನಿಕ್ ಆಸಿಡ್ ಎಂಬ ದ್ರವ. ಹೆಸರು ಕೇಳಿದರೆ ಬಂಡಿ ಗಾಲಿಗೆ ಕೀಲೆಣ್ಣೆ ಹಾಕಿದಂಗ ಅನ್ನಿಸುತ್ತದೆ. ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದ 2022ರ ವರದಿಯ ಪ್ರಕಾರ ಸಿಗುವ ಲಾಭ ಬಹಳ ಸಣ್ಣದು, ರೋಗಿಗೆ ಗೊತ್ತಾಗುವಷ್ಟು ದೊಡ್ಡದಲ್ಲ. ಹೊಸ ಮೃದು ಎಲುಬಂತೂ ಬೆಳೆಯುವುದಿಲ್ಲ.

ಪಿಆರ್‌ಪಿ: ರೋಗಿಯದೇ ರಕ್ತ ತೆಗೆದು, ಮಷಿನ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಕೀಲಿಗೆ ಚುಚ್ಚುವುದು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಬಂದ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ಪಿಆರ್‌ಪಿಗೂ ಬರೀ ಉಪ್ಪುನೀರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಸಣ್ಣ ಪರೀಕ್ಷೆಗಳು ಲಾಭ ಇದೆ ಅನ್ನುತ್ತವೆ. ಒಂದು ಲ್ಯಾಬ್‌ನಲ್ಲಿ ತಯಾರಿಸುವ ರೀತಿ ಇನ್ನೊಂದು ಲ್ಯಾಬ್‌ನಲ್ಲಿ ಇರುವುದಿಲ್ಲ ಎಂಬುದೇ ಇಲ್ಲಿನ ದೊಡ್ಡ ತೊಡಕು.

ನರಕ್ಕೆ ಶಾಖ, ಅಂದರೆ ಆರ್‌ಎಫ್: ಮೊಣಕಾಲಿನ ನೋವನ್ನು ಮಿದುಳಿಗೆ ಒಯ್ಯುವ ಸಣ್ಣ ನರಗಳನ್ನು ಸೂಜಿಯ ಬಿಸಿಯಿಂದ ನಿಷ್ಕ್ರಿಯ ಮಾಡುವುದು. ಮೊದಲು ಮರಗಟ್ಟಿಸೋ ಔಷಧ ಚುಚ್ಚಿ ನೋವು ಇಳಿಯುತ್ತದೋ ನೋಡುತ್ತಾರೆ. ಇಳಿದವರಿಗೆ ಮಾತ್ರ ಮುಂದಿನ ಹಂತ. ಹಲವರಿಗೆ ಆರು ತಿಂಗಳಿಂದ ಒಂದು ವರ್ಷ ಆರಾಮ ಸಿಗುತ್ತದೆ. ನರ ಮತ್ತೆ ಬೆಳೆದರೆ ನೋವು ತಿರುಗಿ ಬರುತ್ತದೆ, ಸವೆತ ಇದ್ದಲ್ಲೇ ಇರುತ್ತದೆ. ಹೃದಯದ ತೊಂದರೆಯಿಂದ ದೊಡ್ಡ ಆಪರೇಷನ್ ಮಾಡಿಸಲಾಗದ ಹಿರಿಯರಿಗೆ ಇದೊಂದು ನ್ಯಾಯವಾದ ಆಯ್ಕೆ.

ರಕ್ತನಾಳ ಮುಚ್ಚುವುದು: ತೊಡೆಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ಹಾಕಿ, ಬಾವು ಬಂದ ಒಳಪದರಿಗೆ ಹೋಗುವ ರಕ್ತವನ್ನು ಸಣ್ಣ ಕಣಗಳಿಂದ ತಡೆಯುವುದು. ಜಪಾನಿನಲ್ಲಿ ಶುರುವಾದ ವಿಧಾನ. ನಕಲಿ ಚಿಕಿತ್ಸೆಯ ಜೊತೆ ಹೋಲಿಸಿದ ಪರೀಕ್ಷೆಗಳು ಸಣ್ಣವು, ಫಲಿತಾಂಶವೂ ಒಂದೇ ದಿಕ್ಕಿನಲ್ಲಿಲ್ಲ. ಇದನ್ನು ಅಧ್ಯಯನ ಹಂತದ ಚಿಕಿತ್ಸೆ ಎಂದೇ ತಿಳಿಯಬೇಕು.

ಸ್ಟೆಮ್ ಸೆಲ್: ಇಲ್ಲಿ ಹೆಚ್ಚು ಎಚ್ಚರ ಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಒಂದು ಉತ್ಪನ್ನಕ್ಕೆ ಮೊಣಕಾಲು ಸವೆತಕ್ಕಾಗಿ ಕೇಂದ್ರದ ಔಷಧ ನಿಯಂತ್ರಕರು 2022ರಲ್ಲಿ ಅನುಮತಿ ಕೊಟ್ಟರು. ಅದರರ್ಥ ‘ಸ್ಟೆಮ್ ಸೆಲ್’ ಎಂದು ಬೋರ್ಡ್ ಹಾಕಿದ್ದೆಲ್ಲ ಅನುಮತಿ ಪಡೆದದ್ದು ಎಂದಲ್ಲ. ಅನುಮತಿ ಇಲ್ಲದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಸಂಶೋಧನೆಯ ಹೊರಗೆ ರೊಕ್ಕಕ್ಕೆ ಮಾರುವಂತಿಲ್ಲ ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ಹಂಗಾದ್ರ ‘ನಮಗ ಆರಾಮ ಆತು’ ಅನ್ನೋರು?

ಅವರು ಸುಳ್ಳು ಹೇಳುತ್ತಿಲ್ಲ. ಮೊಣಕಾಲ ನೋವು ಏರಿಳಿತದ ನೋವು. ಅತೀ ಜೋರಾದಾಗಲೇ ಜನ ದವಾಖಾನೆಗೆ ಹೋಗುತ್ತಾರೆ, ಅಲ್ಲಿಂದ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಚುಚ್ಚಿಸಿಕೊಂಡೆ ಎಂಬ ಭರವಸೆಯೂ ನೋವು ತಗ್ಗಿಸುತ್ತದೆ. ಉಪ್ಪುನೀರು ಪಡೆದವರೂ ಆರಾಮ ಆತು ಅಂದದ್ದು ಇದಕ್ಕೇ. ಪಕ್ಕದ ಅಂಗಡಿಯವರಿಗೆ ಆರಾಮ ಆಯಿತು ಎಂಬುದು ಸಾವಿರಾರು ರೂಪಾಯಿ ಕಟ್ಟಲು ಸಾಕಾಗುವ ಕಾರಣವಲ್ಲ.

ಎಲ್ಲರೂ ಬಿಟ್ಟು ಮುಂದೆ ಹೋಗುವ ಮೊದಲ ಮೆಟ್ಟಿಲು

ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರ ಮೇಲೆ ನಡೆದ ಪರೀಕ್ಷೆಯ ವರದಿ 2020ರಲ್ಲಿ ಬಂತು. ಒಂದು ವರ್ಷದ ನಂತರ, ಸ್ಟೆರಾಯ್ಡ್ ಚುಚ್ಚಿಸಿಕೊಂಡವರಿಗಿಂತ ಫಿಸಿಯೋಥೆರಪಿ ಮಾಡಿದವರಿಗೆ ನೋವು ಕಮ್ಮಿ ಇತ್ತು, ಓಡಾಟ ಚಲೋ ಇತ್ತು. ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಚಾಚಿ ಹಿಡಿಯುವ ವ್ಯಾಯಾಮಕ್ಕೆ ಖರ್ಚಿಲ್ಲ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೇ ಮಾಡಬಹುದು. ಆದರೆ ಎರಡು ದಿನ ಮಾಡಿ ಬಿಟ್ಟರೆ ಫಲವಿಲ್ಲ, ಎರಡು ಮೂರು ತಿಂಗಳು ಬಿಡದೆ ಮಾಡಬೇಕು.

ತೂಕದ ಲೆಕ್ಕವೂ ಸರಳ. ದೇಹದ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತದೆ ಎಂದು 2005ರ ಅಧ್ಯಯನ ತೋರಿಸಿದೆ. ಗಾದಿ ಬದಲು ಕುರ್ಚಿ, ಕುಕ್ಕರಗಾಲಿನ ಬದಲು ಕಮೋಡ್, ನೋವಿದ್ದ ಕಾಲಿನ ಎದುರು ಕೈಯಲ್ಲಿ ಒಂದು ಬಡಗಿ. ಇಷ್ಟಕ್ಕೇ ಹಲವರ ಕಾಲು ದಾರಿಗೆ ಬರುತ್ತದೆ.

ಚೀಟಿ ಇಲ್ಲದೆ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗುವುದು ಇದಕ್ಕಿಂತ ಅಪಾಯ. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದವರಿಗೆ ಅದು ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಮೊದಲು ಹಚ್ಚುವ ಜೆಲ್, ಆಮೇಲೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಗುಳಿಗೆ.

ಬದಲಿ ಆಪರೇಷನ್‌ಗೆ ಹೆದರಬೇಕೆ?

ರಾತ್ರಿ ನಿದ್ದಿ ಇಲ್ಲ, ಕಾಲು ಸೊಟ್ಟಗಾಗಿದೆ, ಮನೆಯಿಂದ ಅಂಗಡಿಗೆ ನಡೆಯಲೂ ಆಗುತ್ತಿಲ್ಲ ಎಂಬ ಸ್ಥಿತಿಯಲ್ಲಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಮಾಡಿಸುತ್ತ ಹೋಗುವುದು ನಷ್ಟದ ಬಾಬ್ತು. ಹಲವು ದೇಶಗಳ ದಾಖಲೆ ನೋಡಿದ 2019ರ ಅಧ್ಯಯನದ ಪ್ರಕಾರ ಪೂರ್ತಿ ಬದಲಿಸಿದ ನೂರು ಮೊಣಕಾಲುಗಳಲ್ಲಿ ಸುಮಾರು 82, 25 ವರ್ಷ ಬಾಳುತ್ತವೆ. ಒಂದೇ ಬದಿ ಸವೆದಿದ್ದರೆ ಅರ್ಧ ಬದಲಿ ಸಾಧ್ಯವೇ ಎಂದೂ ಕೇಳಬಹುದು. ಇದೂ ಎಲ್ಲರಿಗೂ ಪೂರ್ತಿ ತೃಪ್ತಿ ಕೊಡುವುದಿಲ್ಲ, ಹತ್ತರಲ್ಲಿ ಒಂದಿಬ್ಬರಿಗೆ ನೋವು ಉಳಿಯುತ್ತದೆ.

ದರದ ವಿಷಯದಲ್ಲಿ ಒಂದು ವಿಚಿತ್ರ ಇದೆ. ಬದಲಿ ಮೊಣಕಾಲಿನ ಬೆಲೆಗೆ ಕೇಂದ್ರದ ಎನ್‌ಪಿಪಿಎ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಸರಾಸರಿ 1,58,324 ರೂಪಾಯಿ ಇದ್ದ ಕೋಬಾಲ್ಟ್-ಕ್ರೋಮಿಯಂ ಸೆಟ್ ಜಿಎಸ್‌ಟಿ ಬಿಟ್ಟು 54,720ಕ್ಕೆ ಇಳಿಯಿತು. ಪಿಆರ್‌ಪಿ, ಆರ್‌ಎಫ್‌ನಂಥ ಚಿಕಿತ್ಸೆಯ ಪ್ಯಾಕೇಜಿಗೆ ಇಂಥ ಮಿತಿ ಇಲ್ಲ. ಆಪರೇಷನ್‌ನ ದರಕ್ಕೆ ಒಂದು ಕಡೆಯಾದರೂ ಕಡಿವಾಣ ಬಿತ್ತು, ‘ಆಪರೇಷನ್ ಇಲ್ಲದ’ ಚಿಕಿತ್ಸೆಗೆ ಬೀಳಲಿಲ್ಲ.

ಆದರೆ ಗ್ರಾಹಕರು ಪೂರ್ತಿ ನಿರಾಯುಧರಲ್ಲ. ರಾಜ್ಯದ ಕೆಪಿಎಂಇ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆ ದರಪಟ್ಟಿ ಪ್ರದರ್ಶಿಸಲೇಬೇಕು. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಹೆಚ್ಚಿನ ಅಂಗಡಿಕಾರರ ಬಳಿ ಇರುವ ಎಪಿಎಲ್ ಕಾರ್ಡ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಅಡ್ಮಿಟ್ ಆದ ಮೇಲೆ ಓಡಾಡುವ ಬದಲು ಮೊದಲೇ ಕಿಮ್ಸ್ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಆರೋಗ್ಯಮಿತ್ರರನ್ನು ಕೇಳಿ, ರೆಫರಲ್ ಬೇಕಿದ್ದರೆ ಪಡೆಯುವುದು ಒಳಿತು.

ಕೇಳಲೇಬೇಕಾದ ಐದು ಪ್ರಶ್ನೆ

1. ನನ್ನ ಸವೆತ ಯಾವ ಗ್ರೇಡ್, ಈ ಚಿಕಿತ್ಸೆ ಆ ಗ್ರೇಡ್‌ಗೆ ಹೊಂದುತ್ತದೆಯೇ?
2. ಆರಾಮ ಎಷ್ಟು ತಿಂಗಳು ಇರಬಹುದು, ಆಮೇಲೆ ಏನು?
3. ಮತ್ತೆ ಮತ್ತೆ ಮಾಡಿಸಬೇಕೆ, ಒಟ್ಟು ಖರ್ಚು ಎಷ್ಟು? ಬರೆದು ಕೊಡುತ್ತೀರಾ?
4. ಇನ್ಶೂರೆನ್ಸ್ ಅಥವಾ ಸರ್ಕಾರಿ ಯೋಜನೆಯಲ್ಲಿ ಬರುತ್ತದೆಯೇ?
5. ಮೂರು ತಿಂಗಳು ವ್ಯಾಯಾಮ ಮಾಡಿ ಆಮೇಲೆ ಬಂದರೆ ನಷ್ಟವೇನು?

ಇದರ ಜೊತೆಗೆ ಒಂದು ಎಚ್ಚರಿಕೆ. ಮೊಣಕಾಲು ಬಾತು ಕೆಂಪಗಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಬಾತರೆ, ಮುಂಜಾನೆ ಹಲವು ಕೀಲು ಅರ್ಧ ತಾಸಿಗಿಂತ ಹೆಚ್ಚು ಬಿಗಿಯಾದರೆ ಅದು ಬರೀ ಸವೆತ ಆಗಿರಲಿಕ್ಕಿಲ್ಲ. ಮನೆಮದ್ದು ಬಿಟ್ಟು ಬೇಗ ಡಾಕ್ಟರಿಗೆ ತೋರಿಸಬೇಕು.

ಉಳಿದವರಿಗೆ ಅವಸರವಿಲ್ಲ. ಸವೆತ ವರ್ಷಗಟ್ಟಲೆ ಬೆಳೆದು ಬಂದದ್ದು, ‘ಈ ವಾರ ಆಫರ್ ಐತಿ’ ಅಂದದ್ದಕ್ಕೆ ಈ ವಾರವೇ ತೀರ್ಮಾನ ಮಾಡಬೇಕಿಲ್ಲ. ಐದನೇ ಪ್ರಶ್ನೆಗೆ ನೇರ ಉತ್ತರ ಕೊಡದ ಕಡೆ ರೊಕ್ಕ ಕಟ್ಟುವ ಮುಂಚೆ ಇನ್ನೊಬ್ಬ ಡಾಕ್ಟರಿಗೆ ತೋರಿಸುವುದೇ ಲೇಸು.