ಸರಕಾರಗಳ ಆಯುಸ್ಸು

ಎಂಟನೆಯ ತರಗತಿಗೆ ಸೇರಿದ ಬಾಲಿಕೆಯು ಹತ್ತನೆಯದನ್ನು ಮುಗಿಸಲು ಮೂರು ವರ್ಷಗಳು ಬೇಕಷ್ಟೆ. ಅಷ್ಟು ಕಾಲವೂ ನಿಲ್ಲದ ಸರಕಾರಗಳು ಎಷ್ಟೋ ಆಗಿಹೋಗಿರುವುವು. ನಮ್ಮ ಸಂವಿಧಾನವು 5 ವರ್ಷಗಳ ಅವಧಿಯನ್ನು ಕೊಟ್ಟಿರುವುದು ಲೋಕಸಭೆಗೇ ಹೊರತು ಮಂತ್ರಿಮಂಡಲಕ್ಕಲ್ಲ. ಸಭೆಯ ವಿಶ್ವಾಸವಿರುವ ತನಕ ಮಾತ್ರ ಅದರ ಬಾಳು. ನೆಹರೂರವರು 1947ರಿಂದ 1964ರ ವರೆಗೆ ಪ್ರಧಾನಿಗಳಾಗಿದ್ದರು. ನಮ್ಮ ನಾಡಿನವರೇ ಆದ ದೇವೇಗೌಡರಿಗೆ 1996ರ ಜೂನ್ ತಿಂಗಳಿನಿಂದ 1997ರ ಏಪ್ರಿಲ್ ವರೆಗೆ, ಹನ್ನೊಂದು ತಿಂಗಳೂ ತುಂಬದಷ್ಟು ಕಾಲ ದೊರೆಯಿತು.

ಕೊಳ್ಳೇಗಾಲದವರು ಇದನ್ನು ಹತ್ತಿರದಿಂದಲೇ ಕಂಡಿರುವರು. 2018ರಲ್ಲಿ ಆ ಕ್ಷೇತ್ರದಿಂದ ಆಯ್ಕೆಯಾದ ಶ್ರೀ ಎನ್. ಮಹೇಶರವರು ಕುಮಾರಸ್ವಾಮಿಯವರ ಮಂತ್ರಿಮಂಡಲದಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣದ ಮಂತ್ರಿಗಳಾದರು. ಜೂನ್ ತಿಂಗಳಲ್ಲಿ ಹೊತ್ತ ಹೊಣೆಯನ್ನು ಅಕ್ಟೋಬರಿನಲ್ಲಿಯೇ ಇಳಿಸಿದರು. ಶಾಲೆ ತೆರೆದಾಗ ಬಂದ ಮಂತ್ರಿಗಳು ದಸರೆಯ ವೇಳೆಗೆ ಇಲ್ಲ! 2019ರ ಜುಲೈ 23ರಂದು ಆ ಸರಕಾರವೇ 99ಕ್ಕೆ 105 ಮತಗಳಿಂದ ಬಿದ್ದಿತು. ಮಹೇಶರವರು ಅಂದು ಸಭೆಗೆ ಬರಲಿಲ್ಲ.

ಇದರ ನಷ್ಟವು ಶಾಲೆಗಳಿಗೆಂದು ನಾವು ಬಲ್ಲೆವು. ಹೊಸಬರು ಕಡತವನ್ನು ಓದಿ ಮುಗಿಸುವಷ್ಟರಲ್ಲಿ ವರ್ಷವೇ ತಿರುಗುವುದು. ಆದರೂ ಸರಕಾರವನ್ನು ಇಳಿಸುವ ಅಧಿಕಾರವನ್ನು ಸಭೆಯಿಂದ ಕಸಿಯಬೇಕೆಂದು ನಾವು ಹೇಳುವವರಲ್ಲ. ಬಹುಕಾಲ ನಿಂತದ್ದೆಲ್ಲ ಒಳ್ಳೆಯದೂ ಅಲ್ಲ. ಜರ್ಮನಿಯ 1949ರ ಸಂವಿಧಾನದಂತೆ, ಚಾನ್ಸಲರರನ್ನು ಇಳಿಸಬಯಸುವ ಸಭೆಯು ಅದೇ ಮತದಿಂದ ಉತ್ತರಾಧಿಕಾರಿಯನ್ನೂ ಆರಿಸತಕ್ಕದ್ದು. 1982ರಲ್ಲಿ ಷ್ಮಿಟ್‌ರವರು ಹೋಗಿ ಕೋಲ್‌ರವರು ಬಂದುದು ಹೀಗೆಯೇ. ಈ ವಿಧಿಯು ಎಲ್ಲ ಪತನಗಳನ್ನೂ ತಡೆಯದು. ಕೆಡವಿದ ಮೇಲೆ ಕಟ್ಟುವವರಾರೆಂದು ಮೊದಲೇ ಹೇಳಿಸುವುದು. ಇಂತಹದು ನಮಗೂ ಬೇಕು. ಮತ ಬೇಡಲು ಬರುವವರೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಈ ಮಾತನ್ನೆತ್ತಬೇಕೆಂದು ಕೋರುವೆವು.