ಚಾಳೀಸು ಸಂತೆಯಲ್ಲಿ ಸಿಗುತ್ತದೆ, ಕಣ್ಣು ಸಿಗುತ್ತದೆಯೇ?

ನಲವತ್ತು ದಾಟಿತೆಂದರೆ ಸೂಜಿಗೆ ದಾರ ಪೋಣಿಸುವುದು ಕಷ್ಟ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎಂಬ ಹೆಸರು ಬಂದದ್ದೇ ಆ ನಲವತ್ತರಿಂದ. ಭಾಗ್ಯನಗರದಲ್ಲಿ ಕೂದಲು ಆಯುವ ಹೆಣ್ಣುಮಗಳು, ಕಿನ್ನಾಳದ ಚಿತ್ರಗಾರ, ದೋಟಿಹಾಳದ ನೇಕಾರ, ಇವರ ಕಣ್ಣು ಮಂಜಾಯಿತೆಂದರೆ ಕೂಲಿಗೇ ಕತ್ತರಿ ಬಿತ್ತು. ಆಗ ಮಾಡುವುದೇನು? ಸಂತೆಯಲ್ಲಿ ಹರವಿಟ್ಟ ಚಾಳೀಸೊಂದನ್ನು ಮೂಗಿಗೇರಿಸಿ, 'ಇದು ಚಲೋ ಕಾಣ್ತದ, ಕೊಡಪಾ' ಎಂದು ಕೊಂಡು ನಡೆಯುವುದು!

ಹತ್ತಿರದ್ದು ಕಂಡಿತೆಂದ ಮಾತ್ರಕ್ಕೆ ಕಣ್ಣು ನೆಟ್ಟಗಿದೆ ಎಂದಲ್ಲ. ಸಕ್ಕರೆ ಕಾಯಿಲೆ ಕಣ್ಣಿನೊಳಗಿನ ಪರದೆಯನ್ನು ಸದ್ದಿಲ್ಲದೆ ಕೆಡಿಸುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬಾರದು. ಇದರ ಸುಳಿವನ್ನು ಮೊದಲು ಹಿಡಿಯಬಲ್ಲವರು ಆಪ್ಟೊಮೆಟ್ರಿಸ್ಟರು. ಸರ್ಕಾರಿ ದವಾಖಾನೆಯಲ್ಲಿ ಇಂಥ ಕೆಲಸ ಮಾಡುವವರು ನೇತ್ರಾಧಿಕಾರಿಗಳು. ಅವರು ಆಪರೇಶನ್ ಮಾಡುವ ಡಾಕ್ಟರಲ್ಲ, ಬರೀ ಚಸ್ಮಾ ಮಾರುವವರೂ ಅಲ್ಲ. 6 ಮೀಟರ್ ದೂರದ ಅಕ್ಷರ ಓದಿಸಿ, ಒಂದೊಂದು ಕಣ್ಣಿಗೂ ಬೇರೆ ಬೇರೆ ನಂಬರು ಗೊತ್ತುಮಾಡಿ, ಕಣ್ಣಿನ ಒತ್ತಡ ಅಳೆದು, ಸಂಶಯ ಬಂದರೆ ತಜ್ಞರ ಬಳಿ ಕಳಿಸುವುದು ಅವರ ಕೆಲಸ.

ಗಂಗಾವತಿ ಕಡೆಯ ಮಾತೇ ಬೇರೆ. ಸುಗ್ಗಿಯಲ್ಲಿ ಭತ್ತದ ಹೊಟ್ಟು ಕಣ್ಣಿಗೆ ಬಡಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗಬಹುದು. ಅದಕ್ಕೆ ಎಲೆರಸ ಹಿಂಡಿ, ಅಂಗಡಿಯಿಂದ ತಾವೇ ತಂದ ಸ್ಟೆರಾಯ್ಡ್ ಹನಿ ಬಿಟ್ಟು ಕೂತರೆ ಕಣ್ಣೇ ಹೋದೀತು. ಅಂದಂದೇ ತೋರಿಸಲು ಹತ್ತಿರದಲ್ಲಿ ಒಬ್ಬರು ಬೇಕಲ್ಲವೇ?

ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಲಕ್ಷಾಂತರ ಜನರ ಕಣ್ಣಿಗೆ ಆಪರೇಶನ್ ಮಾಡಿದರು. ಆ ಪುಣ್ಯಾತ್ಮರ ಕೆಲಸ ದೊಡ್ಡದು. ಆದರೆ ಶಿಬಿರ ಎತ್ತಿದ ಮರುದಿನ ಕಣ್ಣು ನೋಡುವವರಾರು? ಅದು ನಿತ್ಯದ ಕಾಯಕ.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಸಂತೋಷ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಬಡವ ಅಲ್ಲಿಗೆ ಬಂದುಹೋದರೆ ಒಂದು ದಿನದ ಕೂಲಿ ಖೋತಾ. ಆದ್ದರಿಂದ ಪ್ರತಿ ತಾಲೂಕು ದವಾಖಾನೆಯಲ್ಲೂ ಸಂತೆಯ ದಿನ ತಪ್ಪದೆ ನೇತ್ರಾಧಿಕಾರಿ ಕೂಡಲಿ. ಕೂಡುವ ವೇಳೆಯನ್ನು ಬಾಗಿಲಲ್ಲೇ ಬೋರ್ಡು ಬರೆದು ಹಾಕಲಿ. ಹುದ್ದೆ ಖಾಲಿಯಿದ್ದರೆ ಅದನ್ನೂ ಬರೆಯಲಿ, ಜನಕ್ಕೆ ಗೊತ್ತಾಗಲಿ. ಸಾಲಿ ಶುರುವಾದ ಕೂಡಲೇ ಮಕ್ಕಳ ಕಣ್ಣು ನೋಡಲಿ. ಕರಿಹಲಗೆ ಕಾಣದ ಹುಡುಗನಿಗೆ ದಡ್ಡನೆಂಬ ಹಣೆಪಟ್ಟಿ ಹಚ್ಚುವುದು ನಿಲ್ಲಲಿ.

ಜಿಲ್ಲಾ ಆರೋಗ್ಯ ಇಲಾಖೆಯವರು ಇತ್ತ ಕಣ್ಣು ಹಾಯಿಸುವರೇ?